ಹಕೋನೆ ಎಕಿಡೆನ್: ಜಪಾನೀಯರ ಈ ಓಟದ ಹುಚ್ಚು ದೇಶಾಭಿಮಾನವೇ?

ಪ್ರಶ್ನೆ – ತೊತ್ಸುಕಾದ ಹೊಸಬ

ಯೊಕೊಹಾಮಾದ ತೊತ್ಸುಕಾದಲ್ಲಿ ಇದು ನನ್ನ ಮೊದಲ ಹೊಸ ವರ್ಷ. ಕಚೇರಿಯಲ್ಲಿ ಈಗ ಯಾರ ಬಾಯಲ್ಲಿ ಕೇಳಿದರೂ ಹಕೋನೆ ಎಕಿಡೆನ್. ಜನವರಿ 2 ಮತ್ತು 3ರಂದು ಟೋಕಿಯೊದ ಒತೆಮಾಚಿಯಿಂದ ಹಕೋನೆ ಬೆಟ್ಟದ ಆಶಿ ಸರೋವರಕ್ಕೆ ಹೋಗಿ ಬರುವ ಎಕಿಡೆನ್, ಅಂದರೆ ರಸ್ತೆಯ ಮೇಲಿನ ದೂರದ ರಿಲೇ ಓಟ. ತಂಡಕ್ಕೆ ಹತ್ತು ಜನ, ಒಟ್ಟು ಸುಮಾರು 217 ಕಿಲೋಮೀಟರ್. ಓಡುವವರು ಟೋಕಿಯೊ ಸುತ್ತಮುತ್ತಲಿನ ಕಾಲೇಜು ಹುಡುಗರು. ಒಲಿಂಪಿಕ್ಸ್ ಅಲ್ಲ, ಎದುರಾಳಿ ದೇಶವೂ ಇಲ್ಲ. ಆದರೂ ನಮ್ಮ ಮೇಲಧಿಕಾರಿ ‘ಇದನ್ನು ನೋಡದೆ ಜಪಾನ್ ಅರ್ಥವಾಗದು’ ಎನ್ನುತ್ತಾರೆ. ಇಲ್ಲಿ ಹಲವು ವರ್ಷಗಳಿಂದ ಇರುವವರು ಬಿಡಿಸಿ ಹೇಳುವಿರಾ?

ಉತ್ತರ – ಜಯನಗರದ ಓಟಗಾರ

ಅಷ್ಟು ದೊಡ್ಡ ಅರ್ಥವೇನೂ ಬೇಡ. 1987ರಿಂದ ಟಿವಿಯಲ್ಲಿ ನೇರಪ್ರಸಾರವಿದೆ, ಎಲ್ಲರಿಗೂ ಹಬ್ಬದ ರಜೆ, ಹೊರಗೆ ಚಳಿ. ನೋಡದೆ ಇನ್ನೇನು ಮಾಡಿಯಾರು? ನಮ್ಮ ಬೆಂಗಳೂರಿನ ಓಟಗಳಲ್ಲಿ ನೋಡುವವರಿಗಿಂತ ಓಡುವವರೇ ಹೆಚ್ಚು. ನನಗೆ ಅದೇ ಇಷ್ಟ.

ಉತ್ತರ – ಒದಾವರಾ ನಿವಾಸಿ

ಜಯನಗರದವರೇ, ರಜೆಯೊಂದೇ ಕಾರಣವಾಗಿದ್ದರೆ ಜನ ಮನೆಯೊಳಗೇ ಇರುತ್ತಿದ್ದರು. ಬೆಟ್ಟ ಹತ್ತುವ ಐದನೆಯ ಹಂತ ಶುರುವಾಗುವುದು ನಮ್ಮೂರಿನಿಂದಲೇ. ಆ ದಿನ ರಸ್ತೆಬದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಹೊಸಬರೇ, ದೇಶಾಭಿಮಾನ ಎನ್ನುವುದು ಅರ್ಧ ನಿಜ. ಅಲ್ಲಿ ನಿಮ್ಮ ಕೈಗೆ ಕೊಡುವ ಕಾಗದದ ಬಾವುಟದಲ್ಲಿ ಇರುವುದು ಪತ್ರಿಕೆಯ ಹೆಸರು, ಕೆಂಪು ಸೂರ್ಯನಲ್ಲ. ಜನರ ಕಣ್ಣೆಲ್ಲ ತಾಸುಕಿಯ ಮೇಲೆ, ಅಂದರೆ ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಧರಿಸಿ, ಮುಂದಿನ ಓಟಗಾರನಿಗೆ ದಾಟಿಸುವ ಬಟ್ಟೆಯ ಪಟ್ಟಿಯ ಮೇಲೆ. ಮರಳುವ ದಿನ ಎಲ್ಲರಿಗಿಂತ ಮುಂದಿರುವ ತಂಡಕ್ಕಿಂತ ಇಪ್ಪತ್ತು ನಿಮಿಷ ಹಿಂದೆ ಬಿದ್ದವರಿಗೆ ಕಾಯುವ ಅವಕಾಶವಿಲ್ಲ; ಮುಂದಿನ ಹುಡುಗನಿಗೆ ಬದಲಿ ತಾಸುಕಿ ತೊಡಿಸಿ ಓಡಿಸಿಬಿಡುತ್ತಾರೆ. ಒಮ್ಮೆ ತ್ಸುರುಮಿ ವಿನಿಮಯ ಸ್ಥಳದಲ್ಲಿ ಕಂಡಿದ್ದೇನೆ: ಹಿಂದಿನವನು ತಿರುವಿನಲ್ಲಿ ಕಾಣಿಸಿಕೊಂಡಿದ್ದ, ತಾಸುಕಿ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದ, ಅಷ್ಟರಲ್ಲಿ ಹೊರಡಲು ಅಪ್ಪಣೆಯಾಯಿತು. ಜೊತೆಗಾರ ಹಿಂದಿರುಗಿ ನೋಡುತ್ತಲೇ ಓಡಿದ. ಆ ವರ್ಷ ಗೆದ್ದವರು ಯಾರೆಂದು ನನಗೆ ನೆನಪಿಲ್ಲ. 1989ರಿಂದ ಕೀನ್ಯಾದ ವಿದ್ಯಾರ್ಥಿಗಳೂ ಈ ತಾಸುಕಿ ಹೊತ್ತಿದ್ದಾರೆ. ಗೊಣಗುವವರು ಗೊಣಗುತ್ತಾರೆ, ರಸ್ತೆಬದಿಯ ಕೂಗು ಮಾತ್ರ ಕೀನ್ಯಾದವರಿಗೂ ಅಷ್ಟೇ ಜೋರು.

ಉಳಿದರ್ಧ ದೇಶದ ಪಾಲು. 1917ರಲ್ಲಿ ಕ್ಯೋಟೊದಿಂದ ಟೋಕಿಯೊಗೆ ನಡೆದ ಮೊದಲ ಎಕಿಡೆನ್ನೇ ರಾಜಧಾನಿ ಬದಲಾಗಿ ಐವತ್ತು ವರ್ಷವಾದ ಸಂಭ್ರಮಕ್ಕಾಗಿ. ಹಕೋನೆ ಓಟ 1920ರದು. 1912ರ ಸ್ಟಾಕ್‌ಹೋಮ್ ಮ್ಯಾರಥಾನ್‌ನಲ್ಲಿ ಬಿಸಿಲಿಗೆ ಸೋತು ಬಿದ್ದಿದ್ದ ಕನಕುರಿ ಶಿಜೊ, ಜಗತ್ತಿಗೆ ಸರಿಸಾಟಿಯಾಗುವ ಓಟಗಾರರನ್ನು ಬೆಳೆಸಲು ಹುಟ್ಟುಹಾಕಿದವರಲ್ಲಿ ಒಬ್ಬರು. 1943ರಲ್ಲಿ ಇದೇ ಓಟ ಯುದ್ಧದ ಗೆಲುವಿಗೆ ಹರಕೆಯಾಗಿ, ಯುದ್ಧದಲ್ಲಿ ಮಡಿದವರನ್ನು ಪೂಜಿಸುವ ಯಾಸುಕುನಿ ದೇಗುಲದಿಂದ ಹೊರಟಿತು. 1964ರ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಸೈನಿಕ ತ್ಸುಬುರಾಯಾ ಕೊಕಿಚಿ ಎರಡನೆಯವನಾಗಿ ಕ್ರೀಡಾಂಗಣ ಹೊಕ್ಕ. ಇಡೀ ದೇಶದ ಕಣ್ಣೆದುರೇ ಬ್ರಿಟನ್ನಿನ ಬೇಸಿಲ್ ಹೀಟ್ಲಿ ಅವನನ್ನು ಹಿಂದಿಕ್ಕಿದ. ಆ ಕೂಟದಲ್ಲಿ ಅಥ್ಲೆಟಿಕ್ಸ್‌ನಲ್ಲಿ ಜಪಾನಿಗೆ ಸಿಕ್ಕ ಏಕೈಕ ಪದಕ ಅವನ ಕಂಚು. 1968ರ ಜನವರಿಯಲ್ಲಿ, 27ರ ಹರೆಯದಲ್ಲಿ, ಅವನು ಆತ್ಮಹತ್ಯೆ ಮಾಡಿಕೊಂಡ. ಉಣ್ಣಿಸಿದ ಒಂದೊಂದು ತಿನಿಸನ್ನೂ ಹೆಸರಿಸಿ ಮನೆಯವರಿಗೆ ಕೃತಜ್ಞತೆ ಹೇಳಿ, ಇನ್ನು ಓಡಲಾರೆ ಎಂದು ಬರೆದಿಟ್ಟಿದ್ದ. ದೇಶದ ಮಾನವನ್ನು ಒಬ್ಬನ ಕಾಲಿಗೆ ಕಟ್ಟುವವರ ಮೇಲೆ ನನಗೆ ಕೋಪವಿರುವುದು ಇದಕ್ಕೇ.

ಉತ್ತರ – ಸೋಲ್‌ನಲ್ಲಿರುವ ಕನ್ನಡತಿ

ಒದಾವರಾದವರ ಕೋಪ ಸರಿ. ಆದರೆ ದೇಶವೇ ಇಲ್ಲದವರ ಕಥೆಯೂ ಇದೆಯಲ್ಲ! 1936ರ ಬರ್ಲಿನ್ ಮ್ಯಾರಥಾನ್ ಗೆದ್ದ ಸೋನ್ ಕೀ-ಚುಂಗ್, ಆಗ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದವರು. ದಾಖಲೆಯಲ್ಲಿ ಜಪಾನಿ ಹೆಸರು, ಎದೆಯ ಮೇಲೆ ಜಪಾನಿನ ಬಾವುಟ. ಪದಕವೇದಿಕೆಯಲ್ಲಿ ತಲೆ ತಗ್ಗಿಸಿ, ಬಹುಮಾನದ ಓಕ್ ಸಸಿಯಿಂದ ಆ ಬಾವುಟವನ್ನು ಮರೆಮಾಡಿ ನಿಂತರು. ಇಲ್ಲಿನ ‘ದೊಂಗ್-ಆ ಇಲ್ಬೊ’ ಪತ್ರಿಕೆ ಚಿತ್ರದಲ್ಲಿ ಬಾವುಟ ಅಳಿಸಿ ಅಚ್ಚುಹಾಕಿತು. ಪತ್ರಕರ್ತರು ಜೈಲು ಸೇರಿದರು, ಪತ್ರಿಕೆ ತಿಂಗಳುಗಟ್ಟಲೆ ನಿಂತಿತು. 1992ರಲ್ಲಿ, ಸೋನ್ ಗೆದ್ದಿದ್ದ ಅದೇ ಆಗಸ್ಟ್ 9ರಂದು, ಬಾರ್ಸಿಲೋನಾ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಕೊರಿಯಾದ ಹ್ವಾಂಗ್ ಯಂಗ್-ಚೊ ಜಪಾನಿನ ಓಟಗಾರನನ್ನು ಹಿಂದಿಕ್ಕಿ ಗೆದ್ದಾಗ ಮುದುಕ ಸೋನ್ ಕ್ರೀಡಾಂಗಣದಲ್ಲೇ ಇದ್ದರು. ಅವರ ಸಂತೋಷವನ್ನು ಬೇಡವೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಒದಾವರಾ ನಿವಾಸಿ

ಒಪ್ಪಿದೆ, ಮೇಡಂ. ಕಿತ್ತುಕೊಂಡದ್ದನ್ನು ಮರಳಿ ಪಡೆಯುವುದು ಬೇರೆ ಲೆಕ್ಕ.

ತೊತ್ಸುಕಾದ ಹೊಸಬ

ಎಲ್ಲರಿಗೂ ಧನ್ಯವಾದ. ನಮ್ಮೂರಲ್ಲಿ ಎಲ್ಲಿ ನಿಲ್ಲಲಿ?

ಒದಾವರಾ ನಿವಾಸಿ

3ನೇ ತಾರೀಕು ತೊತ್ಸುಕಾ ವಿನಿಮಯ ಸ್ಥಳಕ್ಕೆ ಮೊದಲ ತಂಡ ಬರುವುದು ಹನ್ನೊಂದರ ಸುಮಾರಿಗೆ. ಒಂಬತ್ತಕ್ಕೇ ಹೋಗಿ. ಮೊದಲಿನವರು ದಾಟಿದೊಡನೆ ಮನೆಗೆ ಓಡಬೇಡಿ. ಕೊನೆಯ ತಂಡದವರೆಗೂ ನಿಲ್ಲಿ.