ಕಣ್ಣಿನ ಕಾಯಿಲೆಯ ‘ಪ್ರಗತಿ’: ಇದಕ್ಕೆ ಬೇರೆ ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು.

ನನ್ನ ತಮ್ಮನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ಜೀನಿನಲ್ಲಿರುವ ದೋಷದಿಂದ ಬರುವ ಕಾಯಿಲೆ. ಸುಮಾರು 4,000 ಜನರಲ್ಲಿ ಒಬ್ಬರಿಗೆ ಇರುತ್ತದೆ. ವರ್ಷಕ್ಕೊಮ್ಮೆ ಅವನ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ಪರೆಯ, ಚಿತ್ರ ತೆಗೆಸುತ್ತೇವೆ. ಈ ಸಲ ವರದಿಯ ಜೊತೆ ಕನ್ನಡದಲ್ಲೂ ನಾಲ್ಕು ಸಾಲು ಬರೆದು ಕೊಟ್ಟಿದ್ದರು. ‘ಹೋದ ವರ್ಷಕ್ಕೆ ಹೋಲಿಸಿದರೆ ಪ್ರಗತಿ ಕಂಡುಬಂದಿದೆ’ ಎಂದಿತ್ತು. ನಾನು ಓದಿ ಹೇಳಿದೆ. ಅವನಿಗೆ ತುಂಬಾ ಖುಷಿಯಾಯಿತು. ಆಗಲೇ ಅಮ್ಮನಿಗೂ ಫೋನ್ ಮಾಡಿ ಹೇಳಿದ. ಆದರೆ ವರದಿಯವರು ಬರೆದದ್ದು ರೋಗದ ಪ್ರಗತಿ, ಅಂದರೆ ಕಾಯಿಲೆ ಹೆಚ್ಚಾಗಿದೆ ಅಂತ. ಅದನ್ನು ಅವನಿಗೆ ಬಿಡಿಸಿ ಹೇಳಿದ ಆ ಸಂಜೆ ನನಗೆ ಮರೆಯುವುದಿಲ್ಲ.

‘ಪ್ರಗತಿ’ಯ ಮೂಲ ಅರ್ಥ ಮುಂದೆ ಹೋಗುವುದು ಅಷ್ಟೇ ಇರಬಹುದು. ಆದರೆ ನಮ್ಮ ಬಳಕೆಯಲ್ಲಿ ಅದು ಒಳ್ಳೆಯ ಕಡೆಗೇ ಹೋಗುತ್ತದೆ, ಅಲ್ವಾ? ‘ಮುಂದುವರಿದಿದೆ’ ಅಂದರೂ ಅರ್ಧ ಅದೇ ತೊಂದರೆ. ‘ಉಲ್ಬಣಿಸಿದೆ’ ಅಂದರೆ ಜ್ವರದ ಹಾಗೆ ದಿಢೀರ್ ಏರಿದಂತೆ. ಈ ಕಾಯಿಲೆ ಹತ್ತಾರು ವರ್ಷ ಎಳೆಯುತ್ತದೆ. ‘ಹರಡಿದೆ’ ಅಂತೂ ಬೇಡವೇ ಬೇಡ, ಅಂಟುರೋಗ ಅಂದುಕೊಳ್ಳುತ್ತಾರೆ.

ಹಾಗಾದರೆ ಚಿತ್ರದಲ್ಲಿ ನಿಜವಾಗಿ ಕಾಣುವುದೇನು ಅಂತ ನೋಡಿದೆ. ಓಸಿಟಿ ಅನ್ನುವ ಸ್ಕ್ಯಾನ್ 1991ರಲ್ಲಿ ಬಂದದ್ದು. ಕಣ್ಣನ್ನು ಮುಟ್ಟದೆ, ಬರೀ ಬೆಳಕಿನಿಂದ ರೆಟಿನಾದ ಪದರಗಳನ್ನು ಒಂದೊಂದಾಗಿ ತೋರಿಸುತ್ತದೆ. (ಒಂದು ಕಡೆ ಇದನ್ನು ‘ಅಡ್ಡಕೊಯ್ತದ ಚಿತ್ರ’ ಎಂದು ಬರೆದಿದ್ದರು. ರೋಗಿಗೆ ಕೊಯ್ತ ಅಂದರೆ ಆಪರೇಷನ್ನೇ. ‘ಪದರಚಿತ್ರ’ ಸಾಕು ಅನ್ನಿಸುತ್ತದೆ.) ಆ ಪದರಗಳ ನಡುವೆ ಒಂದು ಹೊಳೆಯುವ ಗೆರೆ ಇದೆ. ಬೆಳಕನ್ನು ಹಿಡಿಯುವ ಕೋಶಗಳು ಎಲ್ಲಿ ಚೆನ್ನಾಗಿವೆಯೋ ಅಲ್ಲಿ ಗೆರೆ ಇರುತ್ತದೆ, ಅವು ಅಳಿದ ಕಡೆ ಮಾಯವಾಗುತ್ತದೆ. ನನ್ನ ತಮ್ಮನ ಕಾಯಿಲೆಯಲ್ಲಿ ಗೆರೆ ಎರಡೂ ತುದಿಯಿಂದ ನಡುವಿನ ಕಡೆಗೆ ಗಿಡ್ಡವಾಗುತ್ತಾ ಬರುತ್ತದೆ. ಅದರ ಉದ್ದವನ್ನು ವರ್ಷವರ್ಷ ಅಳೆಯುತ್ತಾರೆ. ಇನ್ನೊಂದು ಬಗೆಯ ಚಿತ್ರದಲ್ಲಿ ನೀಲಿ ಬೆಳಕು ಹಾಯಿಸಿದಾಗ ರೆಟಿನಾ ತಾನೇ ಮಂದವಾಗಿ ಹೊಳೆಯುತ್ತದೆ. ಅದರಲ್ಲಿ ಈ ಕಾಯಿಲೆಯ ಹಲವರ ಕಣ್ಣಿನಲ್ಲಿ ನಡುಭಾಗದ ಸುತ್ತ ಒಂದು ಉಂಗುರ ಕಾಣುತ್ತದೆ. ಆ ಉಂಗುರವೂ ವರ್ಷ ಕಳೆದಂತೆ ಕಿರಿದಾಗುತ್ತದೆ.

ನೋಡಿ, ಚಿತ್ರದಲ್ಲಿ ಎಲ್ಲವೂ ಕಿರಿದಾಗುತ್ತಿದೆ. ವರದಿಯಲ್ಲಿ ಮಾತ್ರ ‘ಪ್ರಗತಿ’!

ನಡುಭಾಗ ಸಾಮಾನ್ಯವಾಗಿ ಬಹುಕಾಲ ಉಳಿಯುವುದರಿಂದ ನನ್ನ ತಮ್ಮ ಅಕ್ಷರದ ಬೋರ್ಡಿನ ಕೆಳಗಿನ ಸಾಲನ್ನು ಈಗಲೂ ಓದುತ್ತಾನೆ. ಆದರೆ ಪಕ್ಕದಲ್ಲಿ ಬಂದು ನಿಂತವರು ಕಾಣುವುದಿಲ್ಲ. ಅದಕ್ಕೇ ‘ದೃಷ್ಟಿ ಕಡಿಮೆಯಾಗಿದೆ’ ಅಂದರೆ ಅವನು ಒಪ್ಪುವುದಿಲ್ಲ. ಇಲ್ಲಿ ನಮಗೆ ಎರಡು ಮಾತು ಬೇಕು. ನಾನು ‘ನೋಟದ ಚುರುಕು’, ‘ನೋಟದ ಹರವು’ ಎಂದು ಬಳಸುತ್ತಿದ್ದೇನೆ. ಚುರುಕು ಹಾಗೇ ಇದೆ, ಹರವು ಕಡಿಮೆಯಾಗಿದೆ. ಹೀಗೆ ಹೇಳಿದಾಗ ಅವನಿಗೆ ತಕ್ಷಣ ಅರ್ಥವಾಯಿತು.

ಈಗ ಮುಖ್ಯ ಪದಕ್ಕೆ ಬರುತ್ತೇನೆ. ಮೊದಲು ನನಗೆ ಹೊಳೆದದ್ದು ‘ಬತ್ತು’. ಕೆರೆ ಬತ್ತುವಾಗ ನೀರಿನ ಅಂಚು ಒಳಗೆ ಒಳಗೆ ಸರಿದು, ಕೊನೆಗೆ ನಡುವಿನಲ್ಲಿ ಮಾತ್ರ ನೀರು ಉಳಿಯುತ್ತದೆ. ಆ ಗೆರೆಯ ಕಥೆಯೂ ಅದೇ. ಆದರೆ ‘ಕಣ್ಣು ಬತ್ತಿದೆ’ ಅಂದರೆ ಕಣ್ಣೀರು ಒಣಗಿದೆ ಅಂತಾಗುತ್ತದೆ. ‘ಹಿಂಗು’ ಇನ್ನೂ ಅಪಾಯ. ‘ನೋಟ ಹಿಂಗಿದೆ’ ಸರಿ, ‘ರೋಗ ಹಿಂಗಿದೆ’ ಅಂದರೆ ವಾಸಿಯಾದಂತೆ. ಅಲ್ಲದೆ ಸ್ಟಾರ್‌ಗಾರ್ಟ್ ಅನ್ನುವ ಇನ್ನೊಂದು ಆನುವಂಶಿಕ ಕಾಯಿಲೆಯಲ್ಲಿ ನಡುಭಾಗವೇ ಮೊದಲು ಹೋಗುತ್ತದೆ. ಚಿತ್ರದಲ್ಲಿ ನಡುವಿನ ಕಪ್ಪು ಕಲೆ ಹೊರಗೆ ಬೆಳೆಯುತ್ತದೆ. ಅಲ್ಲಿ ಕೆರೆಯ ಹೋಲಿಕೆ ನಿಲ್ಲುವುದಿಲ್ಲ.

‘ಸವೆತ’ ಎರಡಕ್ಕೂ ಹೊಂದುತ್ತದೆ. ಬಟ್ಟೆ ಅಂಚಿನಿಂದಲೂ ಸವೆಯುತ್ತದೆ, ನಡುವಿನಲ್ಲೂ ಸವೆದು ತೂತಾಗುತ್ತದೆ. ನಿಧಾನ ಅನ್ನುವ ಭಾವವೂ ಇದೆ. ‘ರೆಟಿನಾ ಹೋದ ವರ್ಷಕ್ಕಿಂತ ಸವೆದಿದೆ’ ಅಂದರೆ ಯಾರೂ ಖುಷಿಪಡುವುದಿಲ್ಲ. ಒಂದೇ ಅಡ್ಡಿ. ಸವೆಯುವುದು ಬಳಸಿದ್ದಕ್ಕೆ. ಚಪ್ಪಲಿ ಸವೆಯುತ್ತದೆ, ಮಂಡಿ ಸವೆಯುತ್ತದೆ. ‘ಜಾಸ್ತಿ ಓದಿದ್ದಕ್ಕೇ ಕಣ್ಣು ಸವೆಯಿತು’ ಅಂತ ಯಾರಾದರೂ ಅಂದುಕೊಂಡರೆ? ಓದಿದರೆ ಈ ಕಾಯಿಲೆ ಹೆಚ್ಚಾಗುವುದಿಲ್ಲ. ಪುಸ್ತಕ ಕಂಡರೆ ಪ್ರಾಣ ಬಿಡುವ ನನ್ನ ತಮ್ಮ ಅದನ್ನು ಕೇಳಿ ಓದುವುದನ್ನು ಬಿಟ್ಟರೆ ಅನ್ನುವ ಭಯ ನನಗಿದೆ.

ಬಳಕೆಯ ತಪ್ಪನ್ನು ಹೊರಿಸದೆ, ನಿಧಾನವಾಗಿ ಕಡಿಮೆಯಾಗುವುದನ್ನು ಹೇಳುವ ಪದ ನಿಮ್ಮ ಮಾತಿನಲ್ಲಿ ಇದೆಯೇ? ನಿಮ್ಮ ಮನೆಯ ಹಿರಿಯರು ಹೇಳುವ ಮಾತಾದರೂ ಸರಿ. ಒಂದು ಬೇಡಿಕೆ, ಕೇಳಿದ ಕೂಡಲೇ ತಿಳಿಯುವಂತಿರಲಿ. ಈ ವರದಿಗಳನ್ನು ರೋಗಿಗಳಲ್ಲಿ ಹಲವರು ಓದುವುದಿಲ್ಲ, ಬೇರೆಯವರಿಂದ ಓದಿಸಿ ಕೇಳುತ್ತಾರೆ.

ಅಲ್ಲಿಯವರೆಗೆ ತಮ್ಮನ ಫೈಲಿನಲ್ಲಿ ‘ಪ್ರಗತಿ’ಯನ್ನು ಹೊಡೆದುಹಾಕಿ, ‘ಅಂಚು ಸ್ವಲ್ಪ ಒಳಗೆ ಸರಿದಿದೆ’ ಎಂದು ಬರೆದಿಟ್ಟಿದ್ದೇನೆ.