ಅಪ್‌ಡೇಟ್: ಜಾಮೀನು ಸಿಕ್ಕಿದ್ದರೂ ಜೈಲಲ್ಲೇ ಇದ್ದ ನಮ್ಮ ಹುಡುಗ ಮನೆಗೆ ಬಂದ

ನಮ್ಮ ತೋಟದ ಲೈನ್‌ಮನೆಯ (ಕೆಲಸದವರ ಸಾಲುಮನೆ) ಹುಡುಗನ ಬಗ್ಗೆ ಇಲ್ಲಿ ಕೇಳಿದ್ದೆನಲ್ಲ, ಪಕ್ಕದ ತೋಟದ ಕರಿಮೆಣಸು ಕದ್ದ ಕೇಸು, ಜಾಮೀನು ಮಂಜೂರಾಗಿ ಐದು ವಾರವಾದರೂ ಬಿಡುಗಡೆ ಇಲ್ಲ ಅಂತ. ಮೊನ್ನೆ ಬಂದ. ಅವನ ಅವ್ವ ಗೇಟಿನ ಹತ್ತಿರವೇ ಕೂತು ಅತ್ತುಬಿಟ್ಟಳು.

ತೊಡಕು ಇದ್ದದ್ದು ಜಾಗದ ದಾಖಲೆ ತೋರಿಸಿ ಹೊಣೆ ನಿಲ್ಲಬೇಕಾದ ಜಾಮೀನುದಾರರದ್ದು. ಹುಡುಗನ ಕಡೆಯವರಿಗೆ ಅಂಗೈಯಗಲ ಜಾಗವಿಲ್ಲ, ಆರ್‌ಟಿಸಿ (ಪಹಣಿ) ಎಲ್ಲಿಂದ ತರಬೇಕು? ನಿಮ್ಮಲ್ಲೊಬ್ಬರು ಹೇಳಿದಂತೆ ನಾನೇ ನಿಲ್ಲಲು ಹೋದೆ. ನಮ್ಮದು ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಜಮೀನು), ಆರ್‌ಟಿಸಿಯಲ್ಲಿ ಇಡೀ ಒಕ್ಕದವರ, ಅಂದರೆ ಕುಲದವರೆಲ್ಲರ ಹೆಸರು. ನ್ಯಾಯಾಲಯ ಒಪ್ಪಲಿಲ್ಲ. ಶಾಸಕರಿಗೆ ಬರೆದ ಮನವಿಯಿಂದಲೂ ಏನೂ ಆಗಲಿಲ್ಲ.

ಕೆಲಸ ಆದದ್ದು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಂದವರ ಸಲಹೆಯಿಂದ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ವಕೀಲರು ಉಚಿತ. ಅವರು ಕೊಟ್ಟ ವಕೀಲೆ ಸುಪ್ರೀಂ ಕೋರ್ಟಿನ 2023ರ ಜನವರಿ ಆದೇಶ ತೋರಿಸಿದರು: ಜಾಮೀನಾಗಿ ಒಂದು ತಿಂಗಳೊಳಗೆ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರೇ ಪ್ರಾಧಿಕಾರಕ್ಕೆ ತಿಳಿಸಬೇಕಂತೆ! ನಮಗೆ ಇದು ಗೊತ್ತೇ ಇರಲಿಲ್ಲ. ಕೊನೆಗೆ ಜಾಮೀನುದಾರರಿಲ್ಲದೆ ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು.

ಇನ್ನೊಂದು ತಿಳಿದದ್ದು: ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನು) 479ನೇ ಸೆಕ್ಷನ್ನಿನಡಿ, ಹಿಂದೆ ಯಾವ ಅಪರಾಧದಲ್ಲೂ ದೋಷಿ ಅಂತ ತೀರ್ಪಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಅನ್ವಯಿಸದು.

ಕೇಸು ಇನ್ನೂ ನಡೆಯುತ್ತಿದೆ. ಅವನು ಕದ್ದಿಲ್ಲ ಅಂತಲೇ ನಾನು ನಂಬಿದ್ದೇನೆ. ಹೆಂಡತಿಯನ್ನು ಕೊಂದ ಆರೋಪದಲ್ಲಿ ಕುಶಾಲನಗರದ ಕಡೆಯವರೊಬ್ಬರು ಜೈಲಲ್ಲಿದ್ದು, 2025ರಲ್ಲಿ ಆಕೆ ಮಡಿಕೇರಿಯಲ್ಲೇ ಜೀವಂತ ಸಿಕ್ಕದ್ದನ್ನು ನಾವ್ಯಾರೂ ಮರೆತಿಲ್ಲವಲ್ಲ. ಮುಂದಿನ ವಾಯಿದೆಗೆ ನಾನೇ ಅವನನ್ನು ಕರೆದುಕೊಂಡು ಹೋಗುತ್ತೇನೆ.