ಅಪ್‌ಡೇಟ್: ನಮ್ಮ ಗಿನಿಪಿಗ್ ಸ್ನಾನದ ವಿಷಯ

ಕಲಬುರಗಿ ಸೆಕೆಗೆ ಉದ್ದಗೂದಲಿನ ಗಿನಿಪಿಗ್‌ಗೆ ವಾರವಾರ ಸ್ನಾನ ಮಾಡಿಸಬಹುದಾ ಅಂತ ಕೇಳಿದ್ದೆನಲ್ಲ? ಪಶುವೈದ್ಯರು ಬೇಡ ಅಂದರು, ಚರ್ಮ ಒಣಗುತ್ತದಂತೆ. ಈಗ ಹಿಂಭಾಗ ಗಲೀಜಾದಾಗ ಮಾತ್ರ ಟಬ್‌ನಲ್ಲಿ ಒಂದಿಂಚು ಉಗುರುಬೆಚ್ಚಗಿನ ನೀರು. ತಲೆ, ಕಿವಿಗೆ ತಾಗಿಸುವುದಿಲ್ಲ. ಕೆಳಗೆ ಹಳೇ ಟವೆಲ್ ಹಾಸಿದ ಮೇಲೆ ಕಾಲು ಜಾರುವುದು ನಿಂತಿತು, ಚೀರಾಟವೂ ಕಮ್ಮಿ.

ಬೆನ್ನಿನ ಕೆಳತುದಿಯ ಜಿಡ್ಡಿನ ಗ್ರಂಥಿಯ ಹತ್ತಿರ ಕೂದಲು ಅಂಟಂಟಾಗಿತ್ತು. ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಸುಮ್ನೆ ಐದು ನಿಮಿಷ ಬಿಟ್ಟು ಒರೆಸಿದೆ. ಮೆತ್ತಗಾಗಿ ಬಿಟ್ಟುಕೊಂಡಿತು.

ಸೆಕೆಗೆ ಮಾತ್ರ ಸ್ನಾನ ಮದ್ದಲ್ಲ. 26 ಡಿಗ್ರಿ ದಾಟಿದರೇ ಇವಕ್ಕೆ ಕಷ್ಟ, ಇಲ್ಲಿ ಮೇ ತಿಂಗಳಲ್ಲಿ 40! ಗೂಡನ್ನು ಕೂಲರ್ ಕೋಣೆಗೆ ಒಯ್ದೆವು, ಗಾಳಿ ನೇರ ಬೀಳದ ಮೂಲೆಗೆ. ಅವ್ವಗೆ ಹೊಟ್ಟೆಕಿಚ್ಚು.

ಉಗುರು ಕತ್ತರಿಸುವುದು ಬಾಕಿ. ಕಪ್ಪು ಉಗುರಲ್ಲಿ ರಕ್ತನಾಳ ಕಾಣಲ್ಲ, ಟಾರ್ಚ್ ಹಿಡಿಯೋಕೆ ಇನ್ನೊಬ್ಬರು ಬೇಕು.